ಕ್ಯಾಲೆಂಡರ್ ತುಂಬಿದೆ, ಕೆಲಸ ಮಾತ್ರ ತಪ್ಪುತ್ತಲೇ ಇದೆ

ಪ್ರಶ್ನೆ: ನಮಸ್ಕಾರ ಸರ್. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಇಬ್ಬರು ಮಕ್ಕಳಿದ್ದಾರೆ. ಒಂದು ವರ್ಷದಿಂದ ಎಲ್ಲವನ್ನೂ ಗೂಗಲ್ ಕ್ಯಾಲೆಂಡರ್‌ಗೆ ಹಾಕುತ್ತಿದ್ದೇನೆ. ಆಫೀಸಿನ ಮೀಟಿಂಗ್, ಮಕ್ಕಳ ಕ್ಲಾಸು, ಬಿಲ್ಲು, ವ್ಯಾಯಾಮ, ಓದು, ಕೊನೆಗೆ ನೀರು ಕುಡಿಯುವುದು ಕೂಡ ಅದರಲ್ಲಿದೆ. ಒಂದೊಂದಕ್ಕೆ ಒಂದೊಂದು ಬಣ್ಣ. ಆದರೂ ಕಳೆದ ತಿಂಗಳು ಕಾರಿನ ಇನ್ಶೂರೆನ್ಸ್ ಅವಧಿ ಮುಗಿದದ್ದು ಎರಡು ದಿನ ಕಳೆದ ಮೇಲೆ ಗೊತ್ತಾಯಿತು. ಆ ತಾರೀಖಿನ ಮೇಲೆ ಬರೆದೇ ಇತ್ತು! ಸಾಲದ ಕಂತಿಗೆ ದುಡ್ಡು ಇಡಲು ಪ್ರತಿ ತಿಂಗಳು 31ಕ್ಕೆ ರಿಪೀಟ್ ಹಾಕಿದ್ದೇನೆ. ಒಂದು ತಿಂಗಳು ನೆನಪಿಸುತ್ತದೆ, ಇನ್ನೊಂದು ತಿಂಗಳು ಸುಮ್ಮನಿರುತ್ತದೆ. ಗಂಡನ ಜೊತೆ ಶೇರ್ ಮಾಡಿದ್ದೇನೆ, ಅವರಿಗೆ ಬರೀ ‘ಬ್ಯುಸಿ’ ಎಂದು ಕಾಣುತ್ತದಂತೆ. ‘ಇದೆಲ್ಲ ಬಿಟ್ಟು ಡೈರಿ ಇಟ್ಟುಕೋ’ ಅನ್ನುತ್ತಾರೆ. ಬೇರೆ ಆ್ಯಪ್‌ಗೆ ಹೋಗಲೇ, ಡೈರಿಗೆ ಹೋಗಲೇ, ಅಥವಾ ತಪ್ಪು ನನ್ನದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ತಪ್ಪಿನಲ್ಲಿ ಒಂದು ಪಾಲು ಆ್ಯಪ್‌ನ ಡಿಫಾಲ್ಟ್ ಸೆಟ್ಟಿಂಗ್‌ಗಳದ್ದು, ಇನ್ನೊಂದು ಪಾಲು ‘ಎಲ್ಲವನ್ನೂ ಕ್ಯಾಲೆಂಡರ್‌ಗೆ ಹಾಕಿಬಿಡಿ’ ಎಂದು ಸಲಹೆ ಕೊಡುವ ನಮ್ಮಂಥವರದ್ದು. ನೀರು ಕುಡಿಯುವುದನ್ನೂ ವರ್ಷವಿಡೀ ಬರೆದಿಟ್ಟವರನ್ನು ಅಶಿಸ್ತಿನವರು ಎನ್ನಲು ನನಗಂತೂ ಧೈರ್ಯ ಸಾಲದು.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಕಲಸಿಕೊಂಡಿವೆ. ನೆನಪಿಸಬೇಕಾದ ಹೊತ್ತಿಗೆ ಫೋನ್ ನೆನಪಿಸಲೇ ಇಲ್ಲ ಎಂಬುದು ಒಂದು. ನೆನಪಿಸಿದರೂ ಅದು ನಿಮ್ಮ ಕಿವಿಗೆ ಬೀಳದ ಸ್ಥಿತಿ ಬಂದಿದೆ ಎಂಬುದು ಇನ್ನೊಂದು. ಮೊದಲನೆಯದು ಒಂದಷ್ಟು ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು. ಎರಡನೆಯದೇ ದೊಡ್ಡದು. ಆದರೂ ಸುಲಭದ್ದನ್ನು ಮೊದಲು ಮುಗಿಸಿಬಿಡೋಣ.

31ರ ಕಥೆ ಇಷ್ಟೇ. ವರ್ಷದಲ್ಲಿ 31ನೇ ತಾರೀಖು ಇರುವುದು ಏಳು ತಿಂಗಳಿಗೆ ಮಾತ್ರ. ‘ಪ್ರತಿ ತಿಂಗಳು 31ಕ್ಕೆ’ ಎಂದರೆ ಉಳಿದ ಐದು ತಿಂಗಳು ಏನು ಮಾಡಬೇಕು? ಬೇರೆ ಬೇರೆ ಕ್ಯಾಲೆಂಡರ್‌ಗಳು ತಮ್ಮತಮ್ಮಲ್ಲಿ ಮಾಹಿತಿ ಹಂಚಿಕೊಳ್ಳಲು ಐಕ್ಯಾಲೆಂಡರ್ ಎಂಬ ಮಾನದಂಡವಿದೆ. 1998ರಲ್ಲಿ ಬಂತು, 2009ರಲ್ಲಿ ಪರಿಷ್ಕೃತವಾಯಿತು. ಮೀಟಿಂಗ್‌ನ ಇಮೇಲ್ ಜೊತೆ ಬರುವ ಐಸಿಎಸ್ ಫೈಲು ಅದರದ್ದೇ. ಇಲ್ಲದ ತಾರೀಖು ಎದುರಾದರೆ ಆ ಸಲ ಬಿಟ್ಟು ಮುಂದೆ ಹೋಗಬೇಕು ಎಂದು ಅದರ ನಿಯಮ ಹೇಳುತ್ತದೆ. ಗೂಗಲ್ ಹಾಗೆಯೇ ಮಾಡುತ್ತದೆ. ಮೈಕ್ರೋಸಾಫ್ಟ್‌ನ ಔಟ್‌ಲುಕ್ ಕ್ಯಾಲೆಂಡರ್ ಅಂಥ ತಿಂಗಳಲ್ಲಿ ಕೊನೆಯ ದಿನಕ್ಕೆ ಸರಿಸಿಕೊಳ್ಳುತ್ತದೆ. ಅಂದರೆ ನಿಮ್ಮ ಆ್ಯಪ್ ಕೆಟ್ಟಿಲ್ಲ, ನಿಯಮ ಪಾಲಿಸುತ್ತಿದೆ. (ಫೆಬ್ರವರಿ 29ರಂದು ಹುಟ್ಟಿದವರು ಮನೆಯಲ್ಲಿದ್ದರೆ ಅವರ ಹುಟ್ಟುಹಬ್ಬವನ್ನೂ ಒಮ್ಮೆ ನೋಡಿಕೊಳ್ಳಿ.) ಪರಿಹಾರ: ರಿಪೀಟನ್ನು 25ಕ್ಕೆ ಹಾಕಿ. ಹೇಗೂ ಕಂತು ಕಡಿತವಾಗುವ ದಿನವೇ ಎಚ್ಚರಿಸಿ ಏನು ಪ್ರಯೋಜನ? ದುಡ್ಡು ಅದಕ್ಕೆ ಮುಂಚೆಯೇ ಖಾತೆಯಲ್ಲಿರಬೇಕಲ್ಲ. ಸಂಬಳದ ಖಾತೆಯಿಂದ ಕಂತಿನ ಖಾತೆಗೆ ತಾನಾಗಿ ವರ್ಗಾವಣೆಯಾಗುವಂತೆ ಬ್ಯಾಂಕಿನಲ್ಲೇ ಸೂಚನೆ ಕೊಟ್ಟರೆ ಇನ್ನೂ ಒಳ್ಳೆಯದು. ಆಗ ನೆನಪಿಡಬೇಕಾದ ಕೆಲಸವೇ ಒಂದು ಕಡಿಮೆಯಾಗುತ್ತದೆ.

ಇನ್ಶೂರೆನ್ಸ್ ವಿಷಯಕ್ಕೆ ಬರೋಣ. ‘ಆ ತಾರೀಖಿನ ಮೇಲೆ ಬರೆದೇ ಇತ್ತು’ ಎಂದಿದ್ದೀರಿ. ಗಂಟೆ ಹಾಕದೆ ಇಡೀ ದಿನದ ಇವೆಂಟ್ ಆಗಿ ಬರೆದಿದ್ದಿರಿ ಎಂದು ನನ್ನ ಊಹೆ. ಗಂಟೆ ಇರುವ ಇವೆಂಟ್‌ಗೆ ಒಂದು ನೋಟಿಫಿಕೇಷನ್ ಸೆಟ್ಟಿಂಗ್, ಇಡೀ ದಿನದ ಇವೆಂಟ್‌ಗೆ ಬೇರೆಯೇ ಸೆಟ್ಟಿಂಗ್. ಈ ಎರಡನೆಯದು ಇದೆ ಎಂದೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ, ಹಾಗಾಗಿ ಅದು ಖಾಲಿಯೇ ಉಳಿದಿರುತ್ತದೆ. ಇವೆಂಟ್ ಪರದೆಯ ಮೇಲ್ತುದಿಯಲ್ಲಿ ತೆಳ್ಳನೆಯ ಪಟ್ಟಿಯಾಗಿ ಕೂತಿರುತ್ತದೆ, ಸದ್ದು ಮಾಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಕ್ಯಾಲೆಂಡರ್‌ನ ಹೆಸರು ಒತ್ತಿ, ಇಡೀ ದಿನದ ಇವೆಂಟ್‌ಗಳ ನೋಟಿಫಿಕೇಷನ್ ಎಂಬಲ್ಲಿ ‘ಹಿಂದಿನ ದಿನ ಸಂಜೆ’ ಎಂಬಂತೆ ಒಂದನ್ನು ಸೇರಿಸಿ. ಜೊತೆಗೆ ಫೋನಿನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಕ್ಯಾಲೆಂಡರ್ ಆ್ಯಪ್‌ಗೆ ನಿರ್ಬಂಧ ಹಾಕಲಾಗಿದೆಯೇ ನೋಡಿ. ಕೆಲವು ಆಂಡ್ರಾಯ್ಡ್ ಫೋನ್‌ಗಳು ಬ್ಯಾಟರಿ ಉಳಿಸುವ ಹುರುಪಿನಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಆಗ ನೋಟಿಫಿಕೇಷನ್ ತಡವಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ.

ಇಷ್ಟು ಮಾಡಿದರೆ ಸದ್ದು ಬರುತ್ತದೆ. ಆದರೆ ಆ ಸದ್ದಿಗೆ ನೀವು ತಿರುಗಿ ನೋಡುತ್ತೀರಾ?

ನನ್ನ ಕೆಲಸವೆಂದರೆ ಜನರ ಪಕ್ಕ ಕೂತು ಅವರ ಕ್ಯಾಲೆಂಡರ್ ನೋಡುವುದು. ತುಂಬಿ ತುಳುಕುವ ಕ್ಯಾಲೆಂಡರ್‌ಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಒಂದೇ ರೋಗ: ಅವುಗಳಲ್ಲಿ ಸುಳ್ಳು ಸೇರಿಕೊಂಡಿರುತ್ತದೆ. ಹಲ್ಲಿನ ಡಾಕ್ಟರ ಬಳಿ ನಾಲ್ಕು ಗಂಟೆಗೆ ಅಪಾಯಿಂಟ್‌ಮೆಂಟ್ ಇದೆ ಎಂದರೆ ಅದು ನಿಜ. ನಾಲ್ಕೂವರೆಗೆ ಹೋದರೆ ನಷ್ಟವಿದೆ. ‘ರಾತ್ರಿ ಒಂಬತ್ತಕ್ಕೆ ಓದು’ ಎಂಬುದು ಆಸೆ. ಒಂಬತ್ತಕ್ಕೆ ಓದದಿದ್ದರೆ ಆಕಾಶ ಬೀಳುವುದಿಲ್ಲ, ಅದು ನಿಮಗೂ ಗೊತ್ತು. ಆದರೆ ಪರದೆಯ ಮೇಲೆ ಎರಡೂ ಒಂದೇ ಥರದ ಚೌಕ, ಎರಡಕ್ಕೂ ಒಂದೇ ಸದ್ದು. ಆಸೆಯ ನೋಟಿಫಿಕೇಷನನ್ನು ಹತ್ತು ಸಲ ಬೆರಳಿನಿಂದ ಪಕ್ಕಕ್ಕೆ ತಳ್ಳಿದ ಮೇಲೆ ಹನ್ನೊಂದನೆಯದನ್ನು ಓದದೆಯೇ ತಳ್ಳುತ್ತೀರಿ. ಆ ಹನ್ನೊಂದನೆಯದು ಇನ್ಶೂರೆನ್ಸ್ ಆಗಿರಬಹುದು. ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ಇದಕ್ಕೆ ಅಲಾರಂ ಫಟೀಗ್ ಎನ್ನುತ್ತಾರೆ. ಯಂತ್ರಗಳು ಕಾರಣವಿಲ್ಲದೆ ಕೂಗುತ್ತಲೇ ಇದ್ದರೆ, ತರಬೇತಿ ಪಡೆದ ನರ್ಸ್‌ಗಳೂ ನಿಜವಾದ ಕೂಗಿಗೆ ನಿಧಾನವಾಗುತ್ತಾರೆ. ಅವರಿಗೇ ಹಾಗಾಗುವುದಾದರೆ ದಿನಕ್ಕೆ ಎಂಟು ಸಲ ‘ನೀರು ಕುಡಿ’ ಎನ್ನಿಸಿಕೊಳ್ಳುವ ನಿಮ್ಮದೇನು ತಪ್ಪು?

ಆದ್ದರಿಂದ ‘ಎಲ್ಲವನ್ನೂ ಹಾಕಿ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಮಾತಿನ ಹಿಂದೆ ಅರ್ಧ ಸತ್ಯವಿದೆ. ಬಾಕಿ ಕೆಲಸ ತಲೆಯಲ್ಲಿ ಕೊರೆಯುತ್ತಿರುತ್ತದೆ, ಅದನ್ನು ಯಾವಾಗ, ಹೇಗೆ ಮಾಡುವುದು ಎಂದು ಗೊತ್ತು ಮಾಡಿಕೊಂಡರೆ ಕೊರೆತ ಕಡಿಮೆಯಾಗುತ್ತದೆ. 2011ರಲ್ಲಿ ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ಆದರೆ ಬರೆದಿಡುವುದು ಬೇರೆ, ಗಂಟೆ ಕೊಟ್ಟು ಕೂಗಿಸುವುದು ಬೇರೆ. ಬರೆದಿಡಲು ಟಾಸ್ಕ್ ಪಟ್ಟಿಯಿದೆ.

ಇವೆಂಟ್ ಮತ್ತು ಟಾಸ್ಕ್ ನಡುವಿನ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಲೆಂಡರ್‌ನಿಂದ ಕೈತುಂಬ ಕೆಲಸ ತೆಗೆಯುವ ಗುಟ್ಟು ಬಹುಪಾಲು ಇಲ್ಲೇ ಇದೆ. ಇವೆಂಟ್‌ಗೆ ಶುರು ಮತ್ತು ಮುಕ್ತಾಯ ಇರುತ್ತದೆ. ಸಮಯ ಕಳೆದೊಡನೆ ಅದು ತಾನಾಗಿ ಹಿಂದೆ ಸರಿಯುತ್ತದೆ. ನೀವು ಹೋದಿರೋ ಬಿಟ್ಟಿರೋ ಅದಕ್ಕೆ ಗೊತ್ತಾಗುವುದಿಲ್ಲ. ಟಾಸ್ಕ್‌ಗೆ ಗಡುವು ಇರುತ್ತದೆ, ಮುಗಿಯಿತು ಎಂದು ಟಿಕ್ ಹಾಕುವವರೆಗೂ ಅದು ಬಾಕಿಯಾಗಿಯೇ ನಿಂತಿರುತ್ತದೆ. ನಾನು ಮೇಲೆ ಹೇಳಿದ ಮಾನದಂಡದಲ್ಲಿ 1998ರಲ್ಲೇ ಇವೆರಡನ್ನೂ ಬೇರೆ ಬೇರೆ ಜಾತಿಯ ನಮೂದುಗಳಾಗಿ ಇಟ್ಟಿದ್ದರು. ಬಳಸುವ ನಾವೇ ಎರಡನ್ನೂ ಕಲಸಿದವರು. ನಿಮ್ಮ ಇನ್ಶೂರೆನ್ಸ್ ಟಾಸ್ಕ್ ಆಗಬೇಕಿತ್ತು. ಇವೆಂಟ್ ಆಗಿದ್ದರಿಂದ ಮರುದಿನ ಬೆಳಿಗ್ಗೆ ಅದು ನಿನ್ನೆಯ ಚೌಕದೊಳಗೆ ಹೋಗಿ ಸೇರಿಕೊಂಡಿತು. ನಿನ್ನೆಯ ಚೌಕವನ್ನು ಯಾರು ತೆರೆದು ನೋಡುತ್ತಾರೆ?

ನಾನು ಬಳಸುವ ಪರೀಕ್ಷೆ ಸರಳ. ಆ ಗಂಟೆಗೇ ಆಗಬೇಕೇ, ಇಲ್ಲವೇ ಆ ಹೊತ್ತಿನಲ್ಲಿ ಇನ್ನೊಬ್ಬರು ನಿಮಗಾಗಿ ಕಾಯುತ್ತಿರುತ್ತಾರೆಯೇ? ಹಾಗಿದ್ದರೆ ಇವೆಂಟ್. ಇಂಥ ದಿನದೊಳಗೆ ಆದರೆ ಸಾಕು, ಯಾವ ಗಂಟೆಯಾದರೂ ಸರಿ ಎಂದರೆ ಟಾಸ್ಕ್. ಎರಡೂ ಅಲ್ಲದ್ದು, ಅಂದರೆ ರೂಢಿ ಮಾಡಿಕೊಳ್ಳಬೇಕೆಂದಿರುವುದು, ಕ್ಯಾಲೆಂಡರ್‌ನಲ್ಲೇ ಬೇಡ. ಅದನ್ನು ದಿನಾ ಹೇಗೂ ನಡೆಯುವ ಯಾವುದಾದರೂ ಕೆಲಸಕ್ಕೆ ಜೋಡಿಸಿ: ಮೀಟಿಂಗ್ ಮುಗಿಸಿ ಕುರ್ಚಿಯಿಂದ ಎದ್ದಾಗಲೆಲ್ಲ ಒಂದು ಲೋಟ ನೀರು. ‘ಇಂಥದ್ದು ನಡೆದಾಗ ಇಂಥದ್ದು ಮಾಡುತ್ತೇನೆ’ ಎಂಬ ಈ ಥರದ ನಿರ್ಧಾರದ ಬಗ್ಗೆ ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ 1990ರ ದಶಕದಿಂದ ಕೆಲಸ ಮಾಡಿದ್ದಾರೆ. ಬರೀ ‘ಮಾಡಬೇಕು’ ಎಂದುಕೊಳ್ಳುವುದಕ್ಕಿಂತ ಅದು ಚೆನ್ನಾಗಿ ಕೈಹಿಡಿಯುತ್ತದೆ ಎಂಬುದು ಆ ಸಂಶೋಧನೆಗಳ ಸಾರ.

ವ್ಯಾಯಾಮ ಮಾತ್ರ ಗಡಿಯ ಮೇಲೆ ನಿಲ್ಲುತ್ತದೆ. ಗೆಳತಿಯ ಜೊತೆ ಆರು ಗಂಟೆಗೆ ನಡೆಯಲು ಹೋಗುತ್ತೀರಾದರೆ ಅದು ಇವೆಂಟ್, ಅಲ್ಲೊಬ್ಬರು ಕಾಯುತ್ತಿರುತ್ತಾರೆ. ಒಬ್ಬರೇ ಮಾಡುವುದಾದರೆ ಆ ಹೊತ್ತನ್ನು ಕಾಯ್ದಿರಿಸಿ, ಆದರೆ ನೋಟಿಫಿಕೇಷನ್ ತೆಗೆದುಬಿಡಿ. ಮೌನವಾದ ಇವೆಂಟ್ ಯಾರನ್ನೂ ಕಿವುಡಾಗಿಸುವುದಿಲ್ಲ, ಆ ಹೊತ್ತಿಗೆ ಬೇರೆಯವರು ಮೀಟಿಂಗ್ ಇಡುವುದನ್ನೂ ತಡೆಯುತ್ತದೆ.

ಬಣ್ಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಸಾಕು: ಆಫೀಸು, ಮನೆ, ತಪ್ಪಿಸಲೇಬಾರದ್ದು. ಯಾವ ಬಣ್ಣ ಎಂದು ಯೋಚಿಸಬೇಕಾಗಿ ಬಂದರೆ ಬಣ್ಣಗಳು ಹೆಚ್ಚಾಗಿವೆ ಎಂದೇ ಅರ್ಥ.

ಗಡುವು ಇರುವ ಕೆಲಸಗಳಿಗೆ ಇನ್ನೊಂದು ಮಾತು. ಕೊನೆಯ ದಿನವನ್ನು ಬರೆದರೆ ಸಾಲದು, ಕೆಲಸ ಮಾಡುವ ದಿನವನ್ನು ಬರೆಯಬೇಕು. ನಮ್ಮ ಅಂದಾಜು ಯಾವಾಗಲೂ ನಮ್ಮ ಪರವಾಗಿಯೇ ವಾಲುತ್ತದೆ. 1979ರಲ್ಲಿ ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಇದಕ್ಕೆ ಪ್ಲ್ಯಾನಿಂಗ್ ಫ್ಯಾಲಸಿ ಎಂದು ಹೆಸರಿಟ್ಟರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ‘ನಿಮ್ಮ ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು’ ಎಂದು ಕೇಳಿದರು. ಸರಾಸರಿ 34 ದಿನ ಎಂದರು. ಹಿಡಿದದ್ದು 55 ದಿನಕ್ಕೂ ಹೆಚ್ಚು. ಆದ್ದರಿಂದ ಇನ್ಶೂರೆನ್ಸ್‌ನಂಥದ್ದಕ್ಕೆ ನಾನು ಹೀಗೆ ಮಾಡಿಸುತ್ತೇನೆ: ಅವಧಿ ಮುಗಿಯುವುದಕ್ಕೆ ಮೂರು ವಾರ ಮುಂಚಿನ ಒಂದು ರಜಾದಿನಕ್ಕೆ ಗಡುವಿಟ್ಟು ಟಾಸ್ಕ್. ಶೀರ್ಷಿಕೆಯಲ್ಲಿ ‘ಇನ್ಶೂರೆನ್ಸ್’ ಎಂದಷ್ಟೇ ಬರೆಯದೆ ‘ಕಾರಿನ ಇನ್ಶೂರೆನ್ಸ್ ನವೀಕರಿಸು, 20ಕ್ಕೆ ಮುಗಿಯುತ್ತದೆ’ ಎಂದು ಮಾಡಬೇಕಾದ ಕೆಲಸವನ್ನೇ ಬರೆಯಿರಿ. ಪಾಲಿಸಿ ಸಂಖ್ಯೆ, ವೆಬ್‌ಸೈಟ್ ವಿಳಾಸ ವಿವರಣೆಯಲ್ಲಿ ಇರಲಿ. ನೋಟಿಫಿಕೇಷನ್ ಬಂದ ಕ್ಷಣವೇ ಕೆಲಸ ಶುರುಮಾಡಲು ಆಗಬೇಕು. ಕಾಗದ ಹುಡುಕಬೇಕಾಗಿ ಬಂದರೆ ‘ಆಮೇಲೆ ನೋಡೋಣ’ ಎಂದು ತಳ್ಳುವುದು ಖಂಡಿತ. ಪಾಸ್‌ವರ್ಡ್ ಮಾತ್ರ ಅಲ್ಲಿ ಬರೆಯಬೇಡಿ. ನಿಮ್ಮ ಕ್ಯಾಲೆಂಡರ್ ಎಲ್ಲೆಲ್ಲಿ ತೆರೆದಿರುತ್ತದೋ ಹೇಳಲಾಗದು.

ಹೊರಗೆ ಹೋಗಬೇಕಾದ ಇವೆಂಟ್‌ಗಳಿಗೆ ಕೆಲವೇ ನಿಮಿಷ ಮುಂಚಿನ ಡಿಫಾಲ್ಟ್ ರಿಮೈಂಡರ್ ಬಹುತೇಕ ವ್ಯರ್ಥ. ಹೊರಡುವ ಹೊತ್ತಿಗೆ ಒಂದು, ಹಿಂದಿನ ರಾತ್ರಿ ಇನ್ನೊಂದು ಇರಲಿ. ಹಿಂದಿನ ರಾತ್ರಿಯದ್ದು ಫೈಲು, ರಿಪೋರ್ಟು, ಮಕ್ಕಳ ಬಟ್ಟೆ ಎತ್ತಿಟ್ಟುಕೊಳ್ಳುವುದಕ್ಕೆ. ಹೋಗಿಬರುವ ಹೊತ್ತನ್ನೂ ಇವೆಂಟ್‌ನೊಳಗೇ ಸೇರಿಸಿ. ಐಫೋನ್‌ನ ಕ್ಯಾಲೆಂಡರ್‌ನಲ್ಲಿ ಇದಕ್ಕೆಂದೇ ಪ್ರಯಾಣದ ಸಮಯ ಎಂಬ ಜಾಗವಿದೆ, ಗೂಗಲ್‌ನಲ್ಲಿ ಮುಂದೊಂದು ಹಿಂದೊಂದು ಬೇರೆ ಇವೆಂಟ್ ಹಾಕಿಕೊಳ್ಳಬೇಕು.

ಇನ್ನು ಗಂಡನವರ ‘ಬ್ಯುಸಿ’. ಗೂಗಲ್‌ನಲ್ಲಿ ಶೇರ್ ಮಾಡುವಾಗ ನಾಲ್ಕು ಹಂತದ ಅನುಮತಿ ಇದೆ. ಬಿಡುವಿದೆಯೋ ಇಲ್ಲವೋ ಎಂದು ಮಾತ್ರ ಕಾಣುವುದು ಮೊದಲನೆಯದು. ನೀವು ಆರಿಸಿರುವುದು ಅದು. ಎಲ್ಲ ವಿವರ ಕಾಣುವುದು, ತಿದ್ದಬಹುದಾದದ್ದು, ತಿದ್ದುವುದರ ಜೊತೆ ಬೇರೆಯವರಿಗೂ ಶೇರ್ ಮಾಡಬಹುದಾದದ್ದು ಉಳಿದ ಮೂರು. ಆದರೆ ನಿಮ್ಮ ಸ್ವಂತ ಕ್ಯಾಲೆಂಡರ್‌ನ ಅನುಮತಿ ಏರಿಸಬೇಡಿ. ‘ಮನೆ’ ಎಂದು ಹೊಸ ಕ್ಯಾಲೆಂಡರ್ ಒಂದನ್ನು ಕಂಪ್ಯೂಟರಿನಲ್ಲಿ ತೆರೆದು, ಇಬ್ಬರಿಗೂ ತಿದ್ದುವ ಅನುಮತಿ ಕೊಟ್ಟು, ಇಬ್ಬರಿಗೂ ಸಂಬಂಧಿಸಿದ್ದನ್ನು ಮಾತ್ರ ಅದರಲ್ಲಿಡಿ. ಅವರ ಫೋನಿನಲ್ಲೂ ಆ ಕ್ಯಾಲೆಂಡರ್‌ಗೆ ಟಿಕ್ ಬಿದ್ದಿದೆಯೇ, ಅದಕ್ಕೆ ನೋಟಿಫಿಕೇಷನ್ ಇದೆಯೇ ನೋಡಿ. ನೋಟಿಫಿಕೇಷನ್ ಸೆಟ್ಟಿಂಗ್ ಒಬ್ಬೊಬ್ಬರದು ಬೇರೆ. ನಿಮ್ಮ ಫೋನು ಕೂಗಿದರೆ ಅವರದೂ ಕೂಗುತ್ತದೆ ಎಂದೇನಿಲ್ಲ. ಈ ಒಂದು ತಪ್ಪು ಗ್ರಹಿಕೆಯಿಂದ ಎಷ್ಟು ಮನೆಗಳಲ್ಲಿ ಜಗಳವಾಗಿದೆ ಎಂದು ಹೇಳತೀರದು. ಗೂಗಲ್‌ನ ಟಾಸ್ಕ್‌ಗಳು ಹಾಕಿಕೊಂಡವರಿಗೆ ಮಾತ್ರ ಕಾಣುತ್ತವೆ, ಕ್ಯಾಲೆಂಡರ್ ಜೊತೆ ಶೇರ್ ಆಗುವುದಿಲ್ಲ. ಆದ್ದರಿಂದ ಮನೆಯ ಟಾಸ್ಕ್ ಯಾರದ್ದೆಂದು ಮೊದಲೇ ಮಾತಾಡಿಕೊಂಡಿರಬೇಕು. ‘ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮಾಡಲಿಲ್ಲ’ ಎಂಬುದಕ್ಕೆ ಆ್ಯಪ್‌ನಲ್ಲಿ ಮದ್ದಿಲ್ಲ.

ಹಂಚಿಕೊಳ್ಳುವುದರಲ್ಲಿ ಅಪಾಯಗಳೂ ಇವೆ. ತಿದ್ದುವ ಅನುಮತಿ ಇದ್ದವರು ಪ್ರತಿ ವಾರದ ಕ್ಲಾಸನ್ನು ಒಂದು ವಾರಕ್ಕೆ ಬದಲಿಸಲು ಹೋಗಿ ಎಲ್ಲ ವಾರವನ್ನೂ ಬದಲಿಸಿಬಿಡುವುದು ತೀರಾ ಸಾಮಾನ್ಯ. ಉಳಿಸುವಾಗ ‘ಇದೊಂದೇ, ಇದು ಮತ್ತು ಮುಂದಿನವು, ಎಲ್ಲವೂ’ ಎಂದು ಕೇಳುತ್ತದಲ್ಲ, ಅಲ್ಲಿ ಒಂದು ಕ್ಷಣ ನಿಲ್ಲುವುದನ್ನು ಇಬ್ಬರೂ ರೂಢಿಸಿಕೊಳ್ಳಿ. ‘ಪ್ರೈವೇಟ್’ ಎಂದು ಗುರುತಿಸಿದ ಇವೆಂಟ್ ಕೂಡ ತಿದ್ದುವ ಅನುಮತಿ ಇರುವವರಿಗೆ ಕಾಣುತ್ತದೆ ಎಂಬುದು ನೆನಪಿರಲಿ. ಕ್ಯಾಲೆಂಡರನ್ನು ಸಾರ್ವಜನಿಕ ಮಾಡುವ ಆಯ್ಕೆಯನ್ನು ಮುಟ್ಟಲೇಬೇಡಿ: ಮನೆಯಲ್ಲಿ ಯಾರೂ ಇರದ ದಿನಗಳು, ಮಕ್ಕಳು ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಅಪರಿಚಿತರು ಕಳಿಸುವ ಮೋಸದ ಇನ್ವಿಟೇಷನ್‌ಗಳು ತಾವಾಗಿ ಕ್ಯಾಲೆಂಡರ್‌ಗೆ ಬಂದು ಕೂರುವುದೂ ಉಂಟು. ಪರಿಚಯವಿರುವವರ ಆಹ್ವಾನ ಮಾತ್ರ ಸೇರಲಿ ಎಂಬ ಸೆಟ್ಟಿಂಗ್ ಇದೆ, ಅದನ್ನು ಆರಿಸಿ.

ಆಫೀಸಿನ ಮೀಟಿಂಗ್‌ಗಳು ಆಫೀಸಿನ ಅಕೌಂಟಿನಲ್ಲೇ ಇರಲಿ, ಮನೆಯದ್ದನ್ನು ಅಲ್ಲಿಗೆ ತರಬೇಡಿ. ಆ ಅಕೌಂಟಿನ ಯಜಮಾನಿಕೆ ಸಂಸ್ಥೆಯದು. ಕೆಲಸ ಬಿಟ್ಟ ದಿನ ಅಕೌಂಟ್ ಮುಚ್ಚುತ್ತಾರೆ, ಅದರಲ್ಲಿದ್ದ ಮಕ್ಕಳ ಲಸಿಕೆಯ ತಾರೀಖುಗಳೂ ಹೋಗುತ್ತವೆ. ಫೋನಿನ ಒಂದೇ ಆ್ಯಪ್‌ನಲ್ಲಿ ಎರಡೂ ಅಕೌಂಟ್ ಸೇರಿಸಿದರೆ ನಿಮಗೆ ಒಟ್ಟಿಗೇ ಕಾಣುತ್ತವೆ, ಆದರೆ ಅದಕ್ಕೂ ಮುನ್ನ ಸಂಸ್ಥೆಯ ನಿಯಮ ಒಪ್ಪುತ್ತದೆಯೇ ಕೇಳಿಕೊಳ್ಳಿ.

ಈಗ ನಿಮ್ಮ ಎರಡು ಆಯ್ಕೆಗಳು. ಬೇರೆ ಆ್ಯಪ್‌ಗೆ ಹೋಗುವುದರಿಂದ ಮೊದಲ ಕೆಲವು ವಾರ ಚೆನ್ನಾಗಿ ನಡೆಯುತ್ತದೆ. ಹೊಸದೆಂಬ ಕಾರಣಕ್ಕೆ ಗಮನ ಕೊಡುತ್ತೀರಿ, ಹೊಸ ಕ್ಯಾಲೆಂಡರ್ ಖಾಲಿಯೂ ಇರುತ್ತದೆ. ಅದೇ ನಮೂದುಗಳನ್ನು ಅಲ್ಲೂ ತುಂಬಿದರೆ ಅದೇ ರೋಗ. ಹೋಗಲೇಬೇಕೆಂದರೆ ಐಸಿಎಸ್ ಫೈಲಾಗಿ ಎಲ್ಲವನ್ನೂ ತೆಗೆದುಕೊಂಡು ಹೋಗಬಹುದು, ಆದರೆ ಶೇರ್ ಮಾಡಿದ ಅನುಮತಿಗಳು ಜೊತೆಗೆ ಬರುವುದಿಲ್ಲ. ಸದ್ಯಕ್ಕೆ ಬೇಡ ಎಂಬುದೇ ನನ್ನ ಅಭಿಪ್ರಾಯ.

ಡೈರಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೈಯಲ್ಲಿ ಬರೆಯಬೇಕಾದಾಗ ಯಾರೂ ದಿನಕ್ಕೆ ಎಂಟು ಸಲ ‘ನೀರು ಕುಡಿ’ ಎಂದು ಬರೆಯುವುದಿಲ್ಲ. ಬರೆಯುವ ಶ್ರಮವೇ ಬೇಡದ್ದನ್ನು ಸೋಸುತ್ತದೆ. ವಾರವಿಡೀ ಒಂದೇ ನೋಟಕ್ಕೆ ಸಿಗುವುದೂ ದೊಡ್ಡ ಅನುಕೂಲ. ಆದರೆ ಡೈರಿ ಕೂಗುವುದಿಲ್ಲ. ಪ್ರತಿ ವರ್ಷ ಬರುವುದನ್ನು ಪ್ರತಿ ವರ್ಷ ಬರೆಯಬೇಕು. ನೀವು ಆಫೀಸಿನಲ್ಲಿರುವಾಗ ಗಂಡನಿಗೆ ಅದು ಕಾಣುವುದಿಲ್ಲ, ಕಳೆದುಹೋದರೆ ಎರಡನೇ ಪ್ರತಿ ಇಲ್ಲ. ಇಬ್ಬರು ದುಡಿಯುವ, ಮಕ್ಕಳಿರುವ ಮನೆಗೆ ಬರೀ ಡೈರಿ ಸಾಲುವುದು ನಾನು ಕಂಡದ್ದು ಕಡಿಮೆ. ಎರಡನ್ನೂ ಇಟ್ಟುಕೊಳ್ಳುವುದಾದರೆ ಒಂದು ಕಟ್ಟುಪಾಡು ಬೇಕು: ತಾರೀಖು ಇರುವುದೆಲ್ಲ ಮೊದಲು ಫೋನಿಗೆ, ಅಲ್ಲಿಂದ ಆ ದಿನದ ಮಟ್ಟಿಗೆ ಮಾತ್ರ ಕಾಗದಕ್ಕೆ. ಅದು ತಪ್ಪಿದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗಿ ಎರಡರ ಮೇಲೂ ನಂಬಿಕೆ ಹೋಗುತ್ತದೆ.

ಹಾಗಾಗಿ ಈಗಿರುವುದನ್ನೇ ಸ್ವಚ್ಛ ಮಾಡಿ ಎಂಬುದು ನನ್ನ ಸಲಹೆ. ರಿಪೀಟ್ ಆಗುವ ಇವೆಂಟ್‌ಗಳಿಂದ ಶುರುಮಾಡಿ. ಒಂದನ್ನು ತೆಗೆದರೆ ಮುಂದಿನ ಅಷ್ಟೂ ವಾರಗಳದ್ದು ಹೋಗುವುದರಿಂದ ಕಸ ಬೇಗ ಕರಗುತ್ತದೆ. ಅಳಿಸುವಾಗ ‘ಇದು ಮತ್ತು ಮುಂದಿನವು’ ಆರಿಸಿ, ಹಳೆಯ ದಾಖಲೆ ಉಳಿಯಲಿ. ಆಮೇಲೆ ಒಂದು ವಾರ, ಓದದೆಯೇ ತಳ್ಳಿದ ನೋಟಿಫಿಕೇಷನ್ ಯಾವುದೆಂದು ಗಮನಿಸಿ, ಸಂಜೆ ಅದನ್ನು ತೆಗೆದುಬಿಡಿ ಅಥವಾ ಮೌನ ಮಾಡಿ. ದಿನಕ್ಕೆ ಐದಾರಕ್ಕಿಂತ ಹೆಚ್ಚು ಸದ್ದು ಉಳಿದಿದ್ದರೆ ಇನ್ನೂ ಸೋಸುವುದಿದೆ ಎಂದೇ ನಾನು ಹೇಳುವುದು. ಇದು ಅನುಭವದ ಅಳತೆ, ಶಾಸ್ತ್ರವಲ್ಲ.

ವಾರಕ್ಕೊಮ್ಮೆ ಇಬ್ಬರೂ ಕೂತು ಮುಂದಿನ ಎರಡು ವಾರಗಳನ್ನು ನೋಡಿ. ಒಂದೇ ವಾರ ನೋಡಿದರೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ, ತಿಂಗಳು ನೋಡಿದರೆ ಬೇಸರವಾಗಿ ಆ ಪದ್ಧತಿಯೇ ನಿಲ್ಲುತ್ತದೆ. ಕಾಲು ಗಂಟೆ ಸಾಕು. ಡೈರಿ ಬೇಕೆನ್ನುವ ಗಂಡನವರಿಗೆ ಆಗ ವಾರದ ನೋಟವನ್ನು ಪ್ರಿಂಟ್ ತೆಗೆದು ಕೊಡಬಹುದು. ಕಂಪ್ಯೂಟರಿನಲ್ಲಿ ಕ್ಯಾಲೆಂಡರ್ ತೆರೆದರೆ ಅದಕ್ಕೆ ಆಯ್ಕೆಯಿದೆ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಇವೆಂಟ್‌ಗಳು ನಿಜಕ್ಕೂ ಗೂಗಲ್ ಅಕೌಂಟಿನಲ್ಲೇ ಉಳಿಯುತ್ತಿವೆಯೇ ನೋಡಿ. ಕೆಲವು ಫೋನ್‌ಗಳಲ್ಲಿ ತಯಾರಕರ ಕ್ಯಾಲೆಂಡರ್ ಆ್ಯಪ್ ಇರುತ್ತದೆ. ಅದರಲ್ಲಿ ಬರೆದದ್ದು ಫೋನಿನೊಳಗಷ್ಟೇ ಉಳಿದು, ಫೋನ್ ಬದಲಿಸಿದ ದಿನ ಕಾಣೆಯಾಗುವುದುಂಟು. ಕಂಪ್ಯೂಟರಿನಲ್ಲಿ ಕ್ಯಾಲೆಂಡರ್ ತೆರೆದು ಮುಂದಿನ ತಿಂಗಳ ಯಾವುದಾದರೂ ನಾಲ್ಕು ಇವೆಂಟ್ ಹುಡುಕಿ. ನಾಲ್ಕೂ ಸಿಕ್ಕಿದರೆ ಸರಿ. ಒಂದು ಸಿಗದಿದ್ದರೂ ಫೋನಿನಲ್ಲಿ ಆ ಇವೆಂಟ್ ತೆರೆದು ಅದು ಯಾವ ಅಕೌಂಟಿನಲ್ಲಿದೆ ಎಂದು ನೋಡಿ, ಗೂಗಲ್ ಅಕೌಂಟಿಗೆ ಬದಲಿಸಿ. ಬದಲಿಸಲು ಬಿಡದಿದ್ದರೆ ಅಲ್ಲಿಂದ ಅಳಿಸಿ ಗೂಗಲ್‌ನಲ್ಲಿ ಹೊಸದಾಗಿ ಬರೆಯಿರಿ.